ಎತ್ತಪ್ಪನ ಮರಿ

ಜುಲೈ 9, ಮಂಗಳವಾರ. ಸಂಜೆ

ಚಿತ್ರದುರ್ಗದಿಂದ ಬಸ್ ಲೇಟು. ಹೊಸದುರ್ಗದ ಕೌನ್ಸೆಲಿಂಗ್ ಸೆಂಟರ್ ಆಗಲೇ ತುಂಬಿತ್ತು. ಮೊದಲು ಡಿಗ್ರಿ ಹುಡುಗ ಸುದೀಪ್, ಪರೀಕ್ಷೆಯ ಹೆದರಿಕೆಗೆ ಊಟ ಬಿಟ್ಟಿದ್ದಾನೆ. ಆಮೇಲೆ ಹೊಳಲ್ಕೆರೆಯ ಬಟ್ಟೆ ಅಂಗಡಿ ಶಿವಗಂಗಮ್ಮ. ಗಂಡ ತೀರಿಕೊಂಡ ಮೇಲೆ ಗಲ್ಲಾದಲ್ಲಿ ಕೂತರೆ ಎದೆ ಬಡಿದುಕೊಳ್ಳುತ್ತದಂತೆ. ಅತ್ತರು. ಹಗುರಾದರು.

ಕೊನೆಗೆ ಎತ್ತಪ್ಪ. ಬಾಗೂರು ಕಡೆಯ ಹಟ್ಟಿಯವರು, ಕುರಿ ಕಾಯುತ್ತಾರೆ. ಅರವತ್ತು ದಾಟಿರಬಹುದು. ನಿದ್ದೆಯಿಲ್ಲ, ಊಟ ಸೇರುವುದಿಲ್ಲ ಎಂದು ಡಾಕ್ಟರ್ ಕಳಿಸಿದ್ದರು. ಕುರ್ಚಿಯ ಅಂಚಿನಲ್ಲಿ ಕೂತರು, ಕಂಬಳಿ ತೊಡೆಯ ಮೇಲೆ. ಅದರ ಅಂಚು ಮಡಿಸಿದರು, ಬಿಚ್ಚಿದರು. ಆಮೇಲೆ—

“ಮರಿ ಹೋತು ಮೇಡಂ. ಹೊಂಡಕ್ಕೆ ಬಿತ್ತು. ನನ್ನ ಹಿಂದೇನೇ ಬರ್ತಿತ್ತು. ತಿರುಗಿ ನೋಡಾ ಹೊತ್ತಿಗೆ ಇರ್ಲಿಲ್ಲ.”

ಸಾಕಿದ ಪ್ರಾಣಿ ಸತ್ತ ದುಃಖವೂ ದುಃಖವೇ. ಟ್ರೇನಿಂಗಿನಲ್ಲಿ ಹೇಳಿಕೊಟ್ಟಿದ್ದಾರೆ. ತಲೆಯಾಡಿಸುತ್ತ ಕೇಳಿಸಿಕೊಂಡೆ. ನನ್ನ ಬಸ್ಸಿಗೂ ಹೊತ್ತಾಗಿತ್ತು. “ಸಾಕಿದ ಜೀವ ಅಲ್ವಾ, ನೋವಾಗುತ್ತೆ. ಸ್ವಲ್ಪ ದಿನ ಬಿಟ್ಟು ಇನ್ನೊಂದು ಮರಿ ತಗೊಳ್ಳಿ, ಮನಸ್ಸು ಆ ಕಡೆ ಹೋಗುತ್ತೆ” ಎಂದೆ. ಸರ್ಕಾರದ ಪರಿಹಾರಕ್ಕೆ ಅರ್ಜಿ ಹಾಕಬಹುದು ಅಂತಲೂ ಹೇಳಿದೆ.

ನನ್ನ ಮುಖ ನೋಡಿದರು. “ಆತು ಮೇಡಂ” ಎಂದು ಎದ್ದರು. ಮುಂದಿನ ಮಂಗಳವಾರ ಬರಲು ಹೇಳಿದ್ದೇನೆ.

ಜುಲೈ 16, ಮಂಗಳವಾರ

ಎತ್ತಪ್ಪ ಬರಲಿಲ್ಲ. ಫೋನ್ ಸ್ವಿಚ್ ಆಫ್. ಸುದೀಪ್ ರಾತ್ರಿ ಚಪಾತಿ ತಿಂದನಂತೆ. ಖುಷಿಯಾಯಿತು.

ಜುಲೈ 19, ಶುಕ್ರವಾರ. ಮಧ್ಯಾಹ್ನ

ಇದನ್ನು ಈಗಲೇ ಬರೆದುಬಿಡಬೇಕು.

ಎತ್ತಪ್ಪನವರ ಹೆಂಡತಿ ಕಾಟಮ್ಮ ಬಂದಿದ್ದರು, ಒಬ್ಬರೇ. ಕೂತುಕೊಳ್ಳಿ ಅಂದರೂ ಬಾಗಿಲಲ್ಲೇ ನಿಂತರು. ಸಿಟ್ಟೇನೂ ಇರಲಿಲ್ಲ.

“ಹಟ್ಟಿಯಾಗೆ ಯಾರ ಜೊತೇನೂ ಮಾತಾಡ್ತಿರ್ಲಿಲ್ಲ ಅವ್ರು. ನಿಮ್ಮತ್ರ ಬಂದು ಹೋದ ಮ್ಯಾಲೆ ನನ್ನ ಜೊತೇನೂ ಬಿಟ್ರು. ಮೇಡಂ ಏನಂದ್ರು ಅಂತ ಕೇಳ್ದೆ. ಇನ್ನೊಂದು ಮರಿ ತಗಳ್ರಿ ಅಂದ್ರಂತೆ. ಎಲ್ಲಿ ಸಿಗ್ತೈತಮ್ಮ ಅದು?”

ಆಗಲೂ ನನಗೆ ಹೊಳೆಯಲಿಲ್ಲ. “ಕುರಿ ಸಂತೇಲಿ...” ಎಂದೆ. ಎಂದೇಬಿಟ್ಟೆ.

“ಕುರಿ ಅಲ್ಲಮ್ಮ. ನಮ್ಮ ಬಿಂದು. ಮಗಳು ಲತಾನ ಕೂಸು. ನಾಕು ವರ್ಷ ಅದಕ್ಕೆ.”

ಮೇಜು ಹಿಡಿದುಕೊಂಡೆ.

ನನ್ನ ಮಗನನ್ನು ದಿನಾ ಎಬ್ಬಿಸುವುದು ‘ಏಳು ಮರಿ’ ಎಂದೇ. ಅದೇ ಮಾತು ಅವರ ಬಾಯಲ್ಲಿ ಬಂದಾಗ ಕುರಿ ಅಂದುಕೊಂಡೆ. ಬರೀ ಕಂಬಳಿ ಕಂಡು. ಒಂದು ಪ್ರಶ್ನೆ ಕೇಳಲಿಲ್ಲ. ಪರಿಹಾರ ಅಂದೆನಲ್ಲ... ಅರ್ಜಿ ಅಂದೆನಲ್ಲ...

ತಪ್ಪು ತಿಳಿದೆ ಎಂದು ಕಾಟಮ್ಮನಿಗೆ ಹೇಳಿದೆ. “ಅದನ್ನ ನೀವೇ ಬಂದು ಅವ್ರಿಗೆ ಹೇಳ್ರಿ” ಎಂದರು.

ಜುಲೈ 20, ಶನಿವಾರ

ಸೆಂಟರಿನ ಹಿರಿಯರು ಗಿರೀಶ್ ಸರ್ ಬೇಡ ಎಂದರು. “ಕೇಸ್ ನಾನು ತಗೋತೀನಿ, ನೀವೀಗ ಹೋದ್ರೆ ಇನ್ನೂ ಕೆಡುತ್ತೆ.” ಕೇಳಲಿಲ್ಲ. ಹೋದೆ.

ಹಟ್ಟಿಯಾಚೆಯ ಬೀಳಿನಲ್ಲಿ ಕುರಿ ಬಿಟ್ಟುಕೊಂಡು ಕೂತಿದ್ದರು. ನನ್ನನ್ನು ಕಂಡು ಎದ್ದರು. ನಾನು ನೆಲದ ಮೇಲೆ ಕೂತೆ. ಅವರೂ ಕೂತರು.

“ಎತ್ತಪ್ಪನೋರೆ, ನೀವು ಮರಿ ಅಂದಾಗ ನಾನು ಕುರಿಮರಿ ಅಂದ್ಕೊಂಡೆ. ತಪ್ಪಾಯ್ತು.”

ಕುರಿಗಳ ಕಡೆಯೇ ನೋಡುತ್ತಿದ್ದರು.

“ನಾನೂ ಕುರಿ ಅಂದ್ಕಂಡೆ” ಎಂದರು.

ಅರ್ಥವಾಗಲಿಲ್ಲ.

“ತಿರುಗಿ ನೋಡ್ದೆ ಅಂದಿದ್ನಲ್ಲ, ಸುಳ್ಳು. ಬೇಲಿ ಮಗ್ಗುಲಿಗೆ ಕುಂತಿದ್ದೆ. ಹೊಂಡದ ಕಡೆ ನೀರಿನ ಸದ್ದು ಬಂತು. ಕುರಿ ನೀರಿಗೆ ಇಳ್ದಾವೆ ಬಿಡು ಅಂದ್ಕಂಡೆ. ಕೈಯಾಗೆ ಬೀಡಿ ಇತ್ತು. ಮುಗಿಸಿ ಎದ್ದೆ.”

ಓದಿದ ಒಂದು ಮಾತೂ ನೆನಪಾಗಲಿಲ್ಲ. ನೆನಪಾಗಿದ್ದರೂ ಆಡುತ್ತಿರಲಿಲ್ಲ.

“ಮನೇಲಿ ಗೊತ್ತಾ?”

“ಯಾರಿಗೂ ಇಲ್ಲ. ಹೆಂಗೆ ಹೇಳ್ಲಿ.”

ಕೇಳಲೇಬೇಕಾದದ್ದನ್ನು ನೇರವಾಗಿ ಕೇಳಿದೆ. “ಸಾಯೋ ಯೋಚನೆ ಬರುತ್ತಾ?”

“ಬರ್ತೈತೆ.” ಕುರಿ ಎಲ್ಲಿ ಮೇಯುತ್ತಿವೆ ಅಂತ ಹೇಳಿದಷ್ಟೇ ಸಲೀಸಾಗಿ.

ಕಾಟಮ್ಮ ಬುತ್ತಿ ತರುವವರೆಗೂ ಅಲ್ಲೇ ಇದ್ದೆ. ಎತ್ತಪ್ಪನವರನ್ನು ಒಪ್ಪಿಸಿ, ಅವರೆದುರಿಗೇ ಕಾಟಮ್ಮನಿಗೆ ಹೇಳಿದೆ, ಒಬ್ಬರನ್ನೇ ಬಿಡಬೇಡಿ ಎಂದು. ಡಾಕ್ಟರಿಗೆ ಫೋನ್ ಮಾಡಿದೆ. ಬೀಡಿಯ ವಿಷಯ ಎತ್ತಲಿಲ್ಲ. ಅದನ್ನು ಹೇಳಬೇಕಾದವರು ಎತ್ತಪ್ಪನವರೇ.

ಬಸ್ಸಿನಲ್ಲಿ ಪಕ್ಕದವರು ಏನೋ ಕೇಳಿದರು. ಉತ್ತರ ಕೊಟ್ಟೆನಾ? ನೆನಪಿಲ್ಲ.

ಆಗಸ್ಟ್ 6, ಮಂಗಳವಾರ. ಮಧ್ಯಾಹ್ನ

ಈ ನಡುವೆ ಬರೆದಿಲ್ಲ. ಡಾಕ್ಟರ್, ಮಾತ್ರೆ, ಹಟ್ಟಿಗೆ ಓಡಾಟ. ಹೋದ ವಾರ ಎತ್ತಪ್ಪನೇ ಕೇಳಿದರು, “ಲತಾಗೆ ಹೇಳ್ಬೇಕು. ನೀವು ಜೊತೆಗಿರ್ರಿ.”

ಇವತ್ತು ಮೂವರೂ ಬಂದರು. ಲತಾ ಸಣ್ಣ ವಯಸ್ಸಿನವಳು. ಚಪ್ಪಲಿ ಹೊರಗೆ ಬಿಟ್ಟು ಬಂದು ಅಮ್ಮನ ಪಕ್ಕ ಕೂತಳು. ಎತ್ತಪ್ಪ ತಲೆ ತಗ್ಗಿಸಿ ಎಲ್ಲ ಹೇಳಿದರು. ನೀರಿನ ಸದ್ದು. ಬೀಡಿ. ಒಂದನ್ನೂ ಬಿಡಲಿಲ್ಲ.

ಕಾಟಮ್ಮ ಸೆರಗು ಬಾಯಿಗೆ ಒತ್ತಿಕೊಂಡರು.

“ಎಷ್ಟು ಉಳಿದಿತ್ತು?” ಎಂದಳು ಲತಾ.

ನಾವು ಅವಳತ್ತ ನೋಡಿದೆವು.

“ಬೀಡಿ.”

ತಡೆಯಬೇಕಿತ್ತೇನೋ. ಆಗಲಿಲ್ಲ. ಎತ್ತಪ್ಪ ಕಿರುಬೆರಳು ಎತ್ತಿ ತುದಿಯ ಗೆಣ್ಣು ತೋರಿಸಿದರು. ಲತಾ ಆ ಬೆರಳನ್ನೇ ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿದಳು.

“ಅಷ್ಟು ಹೊತ್ತಿನಾಗೆ ಏನೂ ಆಗ್ತಿರ್ಲಿಲ್ಲಪ್ಪ. ನೀನು ಓಡಿದ್ರೂ ಅಷ್ಟೇ.”

ನಿಜವೋ, ಅಪ್ಪನಾದರೂ ಉಳಿಯಲಿ ಅಂತ ಹೇಳಿದ್ದೋ. ಅವಳಿಗೂ ಗೊತ್ತಿಲ್ಲ ಅನಿಸಿತು. ಎತ್ತಪ್ಪ ಅತ್ತರು. ಮಗು ಹೋದಾಗಿನಿಂದ ಅತ್ತೇ ಇರಲಿಲ್ಲವಂತೆ. ಲತಾ ಅವರನ್ನು ಮುಟ್ಟಲಿಲ್ಲ. ಎದ್ದೂ ಹೋಗಲಿಲ್ಲ.

ಈಗ ಕಿಟಕಿಯಿಂದ ಕಾಣುತ್ತಿದ್ದಾರೆ. ಬಾಗೂರು ಬಸ್ ಬಂದಿದೆ. ಲತಾ ಮೊದಲು ಹತ್ತಿದಳು. ಪಕ್ಕದ ಸೀಟಿನ ಮೇಲೆ ಕೈ ಇಟ್ಟು ಯಾರಿಗೂ ಬಿಡದೆ ಕೂತಿದ್ದಾಳೆ. ಅಪ್ಪ ಇನ್ನೂ ಕೆಳಗೇ ನಿಂತಿದ್ದಾರೆ. ಕಾಟಮ್ಮ ಅವರ ಬೆನ್ನಿಗೆ ಕೈ ಹಾಕಿದರು—ಎತ್ತಪ್ಪ ಹತ್ತಿದರು.

ಹೊರಗೆ ಯಾರೋ ಹೊಸಬರು ಕಾಯುತ್ತಿದ್ದಾರೆ. ಒಳಗೆ ಕರೆಯಬೇಕು. ಪುಸ್ತಕ ಮುಚ್ಚಿ ಏಳುತ್ತಿದ್ದೇನೆ.