ಜೊತೆಗೆ ಯಾರಿದ್ದಾರೆ

ಪೈವಳಿಕೆ
ಜುಲೈ 9, 2024

ನನ್ನ ಚಿನ್ನ ರಶ್ಮಿತಾ,

ನೀನು ಕೆಲಸ ಮಾಡುವ ಬಟ್ಟೆ ಅಂಗಡಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ, ಹೆದರಬೇಡ. ಲಕೋಟೆಯ ಮೇಲೆ ನನ್ನ ಹೆಸರು ಹಾಕಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಅತ್ತೆ ಹತ್ತಿರದಲ್ಲೇ ಇರುತ್ತಾರೆ, ನೀನು ‘ಹೇಳಿ ಟೀಚರ್’ ಎಂದು ಶುರುಮಾಡುತ್ತೀ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟ ನನ್ನನ್ನು ಟೀಚರ್ ಮಾಡಿದ್ದೀಯಲ್ಲ, ಸಂತೋಷವೇ. ಆದರೆ ಎದೆಯ ಗಂಟಿನ ವಿಷಯ ಟೀಚರ್ ಆಗಿ ಹೇಳಲಿಕ್ಕೆ ಆಗುವುದಿಲ್ಲ.

ಹೌದು, ಗಂಟು. ಎಡಗಡೆ. ಕಳೆದ ವರ್ಷ ಸ್ನಾನ ಮಾಡುವಾಗ ಕೈಗೆ ಸಿಕ್ಕಿತು, ನೋವಿರಲಿಲ್ಲ. ಈಗ ದೊಡ್ಡದಾಗಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಚೂರು ತೆಗೆದು ಪರೀಕ್ಷೆ ಮಾಡಿ ಕ್ಯಾನ್ಸರ್ ಎಂದರು. ಇಷ್ಟು ದಿನ ಎಂತ ಮಾಡುತ್ತಿದ್ದೆ, ನಿಮ್ಮವರಿಗೆ ಎಷ್ಟು ಹೇಳಿದರೂ ಅಷ್ಟೇ ಎಂದು ಡಾಕ್ಟರು ಬೈದರು. ನೀನೂ ಹಾಗೇ ಬೈಯುತ್ತೀ, ಗೊತ್ತುಂಟು ನನಗೆ.

ಎಂತ ಮಾಡುತ್ತಿದ್ದೆನಾ? ನಿಂತಿದ್ದೆ ಮಾರಾಯ್ತಿ. ಕಳೆದ ವರ್ಷವೇ, ಹೆಂಗಸರ ಎದೆ ಪರೀಕ್ಷೆಗೆ ಕ್ಯಾಂಪ್ ಉಂಟು ಎಂದು ಆಶಾ ಕಾರ್ಯಕರ್ತೆ ಪರಮೇಶ್ವರಿ ನಮ್ಮ ಕೊರಗರ ಕಾಲನಿಗೆ ಬಂದು ಹೇಳಿದ್ದಳು. ನಾನೂ ಹೋದೆ. ಪಂಚಾಯತ್ ಹಾಲ್ ಸೋರುತ್ತದೆಂದು ಕ್ಯಾಂಪನ್ನು ಮೇಲಿನ ಮನೆಯವರ ಜಗಲಿಯಲ್ಲಿ ಮಾಡಿದ್ದರು. ಆ ಅಂಗಳಕ್ಕೆ ನಾವು ಯಾವಾಗ ಕಾಲಿಟ್ಟದ್ದು ಹೇಳು? ಬುಟ್ಟಿ ಕೊಡುವುದಿದ್ದರೂ ಗೇಟಿನ ಹೊರಗೆ ನಿಂತು ಕರೆಯುವವರು. ಅವತ್ತೂ ಅಲ್ಲೇ ನಿಂತೆವು. ಬರಬೇಡಿ ಎಂದು ಯಾರೂ ಹೇಳಲಿಲ್ಲ, ಸುಳ್ಳು ಹೇಳಬಾರದು. ಬನ್ನಿ ಎಂದೂ ಹೇಳಲಿಲ್ಲ. ಪರಮೇಶ್ವರಿ ಒಳಗೆ ಹೆಸರು ಬರೆಯುವುದರಲ್ಲಿದ್ದಳು. ಮನೆಯವರು ಮಜ್ಜಿಗೆಯನ್ನು ಅಲ್ಲಿಗೇ ತಂದುಕೊಟ್ಟರು, ನಮ್ಮ ಗ್ಲಾಸು ಬೇರೆಯೇ. ಎಲ್ಲರದ್ದೂ ಆದಮೇಲೆ ಕರೆಯುತ್ತಾರೆ ಎಂದುಕೊಂಡೆವು. ಊಟದ ಹೊತ್ತಿಗೆ ಡಾಕ್ಟರಮ್ಮನ ಕಾರು ಹೊರಟಿತು, ನಾವು ಬದಿಗೆ ಸರಿದು ದಾರಿ ಬಿಟ್ಟೆವು. ಕಾಲನಿಯಿಂದ ಒಬ್ಬರೂ ಬರಲಿಲ್ಲ ಎಂದು ಆಮೇಲೆ ಮೀಟಿಂಗಿನಲ್ಲಿ ಹೇಳಿದರಂತೆ. ಕೇಳಿ ನನಗೆ ಮೈಯೆಲ್ಲ ಉರಿಯಿತು.

ಈಗ ವಿಷಯಕ್ಕೆ ಬರುತ್ತೇನೆ. ಬರುವ ಸೋಮವಾರ ಅಡ್ಮಿಟ್ ಆಗಬೇಕು, ಆಪರೇಷನ್ ಉಂಟು. ಜೊತೆಗೆ ಬೈಸ್ಟ್ಯಾಂಡರ್ ಇಲ್ಲದಿದ್ದರೆ ಸೇರಿಸುವುದಿಲ್ಲವಂತೆ. ಹತ್ತಿರ ಕೂರಲಿಕ್ಕೆ, ಔಷಧಿ ತರಲಿಕ್ಕೆ, ಸಹಿ ಹಾಕಲಿಕ್ಕೆ ಒಬ್ಬರು ಬೇಕು. ನಿನ್ನ ಚಿಕ್ಕಪ್ಪ ಕುಂಞ ಬರುತ್ತೇನೆಂದ. ಹೆಂಗಸರ ವಾರ್ಡಿಗೆ ಗಂಡಸರನ್ನು ಬಿಡುವುದಿಲ್ಲ. ಪರೀಕ್ಷೆಗೆ ಹೋದಾಗ ಆಚೆಮನೆಯ ಗುಲಾಬಿ ನನ್ನ ಜೊತೆ ಬಂದಿದ್ದಳು. ಪಕ್ಕದ ಮಂಚದವರು ಎಲ್ಲಿಯವರು, ಯಾವ ಜನ ಎಂದು ಕೇಳಿ ತಿಳಿದುಕೊಂಡು, ಬಾತ್‌ರೂಮಿನ ಬಕೆಟ್ ಮುಟ್ಟಬೇಡ ಎಂದರು. ಸತ್ತರೂ ಇನ್ನು ಆ ಕಡೆ ಬರುವುದಿಲ್ಲ ಎಂದುಬಿಟ್ಟಳು ಗುಲಾಬಿ. ಅವಳ ಮಾತು ಕೇಳಿ ಉಳಿದ ಹೆಂಗಸರೂ ಹಿಂದೆ ಸರಿದರು. ಪರಮೇಶ್ವರಿಯ ಅತ್ತೆ ಹಾಸಿಗೆ ಹಿಡಿದಿದ್ದಾರೆ, ಅವಳನ್ನು ಕೇಳುವ ಹಾಗಿಲ್ಲ.

ನೀನೇ ಬರಬೇಕು ಮಗಾ. ತಾಯಿ ಜ್ವರ ಬಂದು ಸತ್ತಳು, ತನಗೆ ಯಾರೂ ಇಲ್ಲ ಎಂದು ಹೇಳಿ ಮದುವೆಯಾಗಿ ಆ ಮನೆ ಸೇರಿದವಳು ನೀನು. ನನಗೆ ಅದರಲ್ಲಿ ಸಿಟ್ಟಿಲ್ಲ. ನೀನಾದರೂ ನಾಲ್ಕು ಜನರ ನಡುವೆ ಕೂತು ಉಣ್ಣಲಿ ಎಂದು ನಾನೂ ಸುಮ್ಮನಿದ್ದೆ. ಈಗ ಅಮ್ಮ ಬದುಕಿದ್ದಾಳೆ ಎಂದು ಹೇಳು ಎಂದರೆ ನಿನ್ನ ಸಂಸಾರದ ಗತಿ ಎಂತ ಎಂದು ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಗಿದೆ. ಆದರೂ ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ. ನನಗೆ ಸಾಯಲಿಕ್ಕೆ ಮನಸ್ಸಿಲ್ಲ. ನಲವತ್ತಾರು ಎಂತ ಸಾಯುವ ಪ್ರಾಯವಾ? ಅಂಗಡಿಯಲ್ಲಿ ಎಂತಾದರೂ ನೆವ ಹೇಳು, ಮನೆಯಲ್ಲಿ ಎಂತಾದರೂ ಹೇಳು. ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಎದುರಿನ ಬಸ್ ಸ್ಟಾಪಿನಲ್ಲಿ ಕಾಯುತ್ತಿರುತ್ತೇನೆ. ಬಾ ಮಗಳೇ.

ನಿನ್ನನ್ನೇ ನಂಬಿರುವ
ಅಮ್ಮ, ಚನಿಯಾರು

ಅಂಟಿಸುವ ಮೊದಲು ಇನ್ನೊಂದು: ಹೆಣ್ಣುಮಕ್ಕಳು ಇದ್ದಾರಾ ಎಂದು ಡಾಕ್ಟರು ಕೇಳಿದರು. ನಿನ್ನ ವಿಷಯ ಬಾಯಿ ಬಿಡದೆ ಅಭ್ಯಾಸವಾಗಿದೆಯಲ್ಲ, ಇಲ್ಲ ಎಂದೆ. ಇದ್ದಿದ್ದರೆ ಅವಳನ್ನೂ ಪರೀಕ್ಷೆ ಮಾಡಿಸಬೇಕಿತ್ತು, ಇದು ತಾಯಿಯಿಂದ ಮಗಳಿಗೂ ಬರಬಹುದು ಎಂದು ಅವರು ಹೇಳಿದ್ದು ಆಮೇಲೆ. ನೀನು ಬಾರದಿದ್ದರೂ ಇದೊಂದು ಮಾಡು. ಅಲ್ಲಿಯ ಡಾಕ್ಟರಿಗೆ ತೋರಿಸಿಕೋ. ತಾಯಿ ಜ್ವರದಿಂದ ಸತ್ತಳು ಎಂದು ಇನ್ನು ಹೇಳಬೇಡ. ಎದೆಯ ಕ್ಯಾನ್ಸರಿನಿಂದ ಸತ್ತಳು ಎಂದು ಹೇಳು.