ಅಮ್ಮ ನುಡಿಸಿದ ಕೀರ್ತನೆ

ದುರ್ಗಿಗುಡಿ, ಶಿವಮೊಗ್ಗ
18-11-1961

ಚಿರಂಜೀವಿ ಲಕ್ಷ್ಮೀಕಾಂತನಿಗೆ ಅಕ್ಕ ಭವಾನಿ ಮಾಡುವ ಆಶೀರ್ವಾದ.

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ತಡವಾದುದಕ್ಕೆ ಬೇಸರ ಮಾಡಿಕೊಳ್ಳಬೇಡ ಎಂದು ಬರೆಯುವುದು ವಾಡಿಕೆ. ನೀನು ಬೇಸರ ಮಾಡಿಕೊಂಡಿದ್ದರೆ ನನಗೆ ಸಂತೋಷವೇ. ಮೂರು ಸಲ ಬರೆದು ಮೂರು ಸಲವೂ ಹರಿದು ಹಾಕಿದೆ. ಅವುಗಳಲ್ಲಿ ಆಶೀರ್ವಾದವೂ ಇರಲಿಲ್ಲ.

ಭದ್ರಾವತಿಯಲ್ಲಿ ಆದದ್ದು ಅಮ್ಮನಿಗೆ ಅವಮಾನವಲ್ಲ, ವಿದ್ಯೆಯ ವಿಚಾರ ಎಂದಿದ್ದೀಯ. ಇನ್ನೂರು ವರ್ಷದ ಹಿಂದೆ ವೀಣೆಯನ್ನು ಹೇಗೆ ನುಡಿಸುತ್ತಿದ್ದರೆಂದು ಮದರಾಸಿನ ನಿನ್ನ ಸಂಗೀತ ಕಾಲೇಜಿನಲ್ಲಿ ಕಲಿಸುತ್ತಾರೆ, ಸರಿ. ಹೆತ್ತವಳ ಜೊತೆ ವೇದಿಕೆ ಹತ್ತಿದಾಗ ಹೇಗಿರಬೇಕೆಂದು ಕಲಿಸುವುದಿಲ್ಲವೆ?

ಮೊದಲು ಅಮ್ಮ ನುಡಿಸಲಿ, ಆಮೇಲೆ ಅದೇ ಕೀರ್ತನೆಯನ್ನು ನಾನು ನುಡಿಸುತ್ತೇನೆ ಎಂದು ನೀನು ಬರೆದಾಗ ಅವಳು ಅದನ್ನು ಗೌರವವೆಂದೇ ತಿಳಿದಳು. ಹತ್ತು ದಿನ ಸಾಧನೆ ಮಾಡಿದಳು. ತಂತಿಗೆ ಬೆರಳು ಸೀಳಿದರೂ ಎಣ್ಣೆ ಹಚ್ಚಿಕೊಂಡು ಕೂರುತ್ತಿದ್ದಳು. ಪಕ್ಕದ ಮನೆಯ ಪುಟ್ಟಲಕ್ಷ್ಮಿಗೆ, "ಮಗನ ಪಕ್ಕ ಕೂತು ನುಡಿಸ್ತೀನಿ ಕಣೆ" ಎಂದು ಹೇಳಿಕೊಂಡಳು.

ಅವಳು ನುಡಿಸಿ ಮುಗಿಸಿದ ಮೇಲೆ ನೀನೇನು ಮಾಡಿದೆ? ಕಾರ್ಖಾನೆಯ ಅಧಿಕಾರಿಗಳೂ ಅವರ ಹೆಂಡಂದಿರೂ ತುಂಬಿದ್ದ ಸಭೆಯಲ್ಲಿ ಎದ್ದು ನಿಂತು, "ಈಗ ಕೇಳಿದಿರಲ್ಲ, ಇದು ಕೆಟ್ಟುಹೋದ ರೂಪ. ಮೂಲ ಹೀಗಿರಲಿಲ್ಲ" ಎಂದೆ. ಈ ಗಮಕ ಆಮೇಲೆ ಸೇರಿದ್ದು, ಈ ಓಟ ಚಪ್ಪಾಳೆಗಾಗಿ ಬಂದದ್ದು ಎಂದು ಒಂದೊಂದಾಗಿ ಎತ್ತಿ ತೋರಿಸಿದೆ. ತೊಡೆಯ ಮೇಲಿನ ವೀಣೆಯನ್ನು ಕೆಳಗಿಡಲೂ ತೋಚದೆ ಅಮ್ಮ ನಿನ್ನ ಪಕ್ಕದಲ್ಲೇ ಕುಳಿತಿದ್ದಳು. ಆಮೇಲೆ ನೀನು ನುಡಿಸಿದೆ. ಜನ ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು. ನೀನು ಆ ಕಡೆ ನೋಡಲಿಲ್ಲ.

ವಾಪಸು ಬರುವಾಗ ಬಸ್ಸು ಮಲವಗೊಪ್ಪ ದಾಟಿತು. ಆಮೇಲೆ, "ಇಪ್ಪತ್ತೆಂಟು ವರ್ಷ ಊರಿನ ಹುಡುಗೀರಿಗೆಲ್ಲ ತಪ್ಪು ಕಲಿಸಿಬಿಟ್ನಾ?" ಎಂದು ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಕೇಳಿದಳು.

ಮುಂದಿನ ವಾರ ಬಟ್ಟೆ ಅಂಗಡಿಯ ಜಂಬಣ್ಣನವರ ಹೆಂಡತಿ ಇಬ್ಬರು ಹೆಣ್ಣುಮಕ್ಕಳನ್ನೂ ಪಾಠದಿಂದ ಬಿಡಿಸಿದರು. ಹಳೆಯ ಪದ್ಧತಿ ಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಅಮ್ಮನನ್ನೇ ವಿಚಾರಿಸಿದರು. ಅಮ್ಮ ನಿನ್ನ ವಿಳಾಸ ಬರೆದುಕೊಟ್ಟಳು. ಈಗ ಯಾರಿಗೂ ಪಾಠ ಹೇಳುತ್ತಿಲ್ಲ. ನುಡಿಸುವುದಂತೂ ಇಲ್ಲವೇ ಇಲ್ಲ.

ನಿನ್ನ ಬೆರಳನ್ನು ಮೊದಲ ಸಲ ತಂತಿಯ ಮೇಲೆ ಇಡಿಸಿದವಳು ಅವಳೇ ಎಂಬುದನ್ನು ಆ ಸಭೆಗೆ ಹೇಳಲು ನಿನಗೆ ಮರೆತೇಹೋಯಿತು. ರಜಕ್ಕೆ ಬರುತ್ತೇನೆ ಎಂದಿದ್ದೀಯ. ಬರಬೇಡ. ಬಂದರೆ ಅವಳು ನಿನಗೆ ಇಷ್ಟವಾದದ್ದನ್ನೆಲ್ಲ ಮಾಡಿ ಬಡಿಸುತ್ತಾಳೆ. ಅದನ್ನು ನನ್ನ ಕಣ್ಣಿಂದ ನೋಡಲಾಗದು.

ಆರೋಗ್ಯ ನೋಡಿಕೋ. ಪರೀಕ್ಷೆಯಲ್ಲಿ ಮೊದಲನೆಯವನಾಗು. ಇಷ್ಟೆಲ್ಲ ಮಾಡಿದ ಮೇಲೆ ಎರಡನೆಯವನಾಗುವುದು ಬೇಡ. ದೇವರು ನಿನಗೆ ಒಳ್ಳೆಯದನ್ನೇ ಮಾಡಲಿ.

ಇಂತು,
ಭವಾನಿ

ವಿ.ಸೂ.: ಅಮ್ಮ ವೀಣೆ ಬಿಟ್ಟದ್ದು ಭದ್ರಾವತಿಯಲ್ಲಲ್ಲ. ಮರುದಿನ ಬೆಳಿಗ್ಗೆ ಎಂದಿನಂತೆ ಶ್ರುತಿ ಮಾಡಿಕೊಂಡು ಕೂತಿದ್ದಳು. ನಾನು ಹೂ ಕಟ್ಟುತ್ತಿದ್ದೆ. "ನಿಜ ಹೇಳು ಭವಾನಿ, ಯಾರದ್ದು ಚೆನ್ನಾಗಿತ್ತು?" ಎಂದು ಕೇಳಿದಳು. "ನಿಂದೇ ಅಮ್ಮ" ಎಂದುಬಿಟ್ಟಿದ್ದರೆ ಆಗುತ್ತಿತ್ತು. ಆದರೆ ನೀನು ನುಡಿಸಿದ್ದು ಇನ್ನೂ ನನ್ನ ಕಿವಿಯಲ್ಲಿತ್ತು, ಕಾಂತು. ಕೈಯಲ್ಲಿದ್ದ ಹೂವಿಗೆ ಗಂಟು ಹಾಕಿದೆ. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಂತಿಗಳನ್ನು ಒಂದೊಂದಾಗಿ ಸಡಿಲಿಸಿದಳು.