ಸಣ್ಣ ಕಣ್ಣಿನ ಜರಡಿ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದು ಅಕ್ಕನಿಗೆ,

ನಿನ್ನ ಒಂದು ಮೆಸೇಜಿಗೂ ಉತ್ತರಿಸದವಳು ಈಗ ಕಾಗದ ಬರೆಯುತ್ತಿದ್ದೇನೆ, ಬೈಯಬೇಡ. ಫೋನಿನಲ್ಲಾದರೆ ಅತ್ತುಬಿಡುತ್ತೇನೆ. ಕಾನ್ವೆಂಟಿನವಳ ಕನ್ನಡ, ಒತ್ತಕ್ಷರ ತಪ್ಪಿದ್ದರೆ ನಕ್ಕುಬಿಡು.

ಮೊದಲು ಒಳ್ಳೆಯ ಸುದ್ದಿ. ಇವರ ಕಲ್ಲು ತೆಗೆದಾಯಿತು, ಮನೆಗೆ ಬಂದಾಯಿತು. ಬಾಯಿ ತೆರೆದುಕೊಂಡು ಎಷ್ಟು ಚೆಂದ ಮಲಗಿದ್ದಾರೆ ಗೊತ್ತಾ! ನೋಡಿದರೆ ಈಗಲೂ ಮುದ್ದು ಬರುತ್ತದೆ. ಅದೇ ನನ್ನ ಕರ್ಮ.

ಇವರಿಗೆ ಪಕ್ಕೆನೋವು ಶುರುವಾದಾಗಿನಿಂದ ಅತ್ತೆಯದು ಒಂದೇ ರಾಗ. "ಇಷ್ಟು ವರ್ಷ ನನ್ನ ಕೈಯಡುಗೆ ತಿಂದ, ಗುಂಡುಕಲ್ಲಿನ ಹಾಗಿದ್ದ. ಇವಳು ಬಂದ್ಲು, ಟೊಮೆಟೊ ಬಂತು, ಹೊಟ್ಟೇಲಿ ಕಲ್ಲೂ ಬಂತು." ನಾನು ನಂಬಿಬಿಟ್ಟೆ. ನಿನ್ನ ಹತ್ತಿರ ಗೋಳಾಡಿದಾಗ ನೀನು ಈ ಸಣ್ಣ ಕಣ್ಣಿನ ಜರಡಿ ಕಳಿಸಿದೆ. ದಿನಾ ಟೊಮೆಟೊ ಕಿವುಚಿ, ಸೋಸಿ, ಒಂದು ಬೀಜವೂ ಇಳಿಯದ ಹಾಗೆ ಅಡುಗೆ ಮಾಡಿದೆ. ಬೆರಳ ತುದಿ ಸುಲಿದುಹೋಯಿತು.

ಇದನ್ನೆಲ್ಲ ಹೆಮ್ಮೆಯಿಂದ ಡಾಕ್ಟರಿಗೆ ಹೇಳಿದೆ. ಅವರು ನಕ್ಕರು.

"ಬೀಜದ ತಪ್ಪಲ್ಲಮ್ಮ. ಇವರ ಬಲಗಡೆ ಕಿಡ್ನಿಯಿಂದ ಮೂತ್ರ ಇಳಿಯೋ ನಾಳ ಹುಟ್ಟಿನಿಂದ್ಲೇ ಇಕ್ಕಟ್ಟು. ಪೂರ್ತಿ ಇಳಿಯಲ್ಲ, ಅಲ್ಲೇ ನಿಲ್ಲುತ್ತೆ. ನಿಂತ ಕಡೆ ಲವಣ ತಳ ಕೂರುತ್ತೆ, ಸೋಂಕೂ ಸೇರ್ಕೊಳ್ಳುತ್ತೆ. ಆ ಇಕ್ಕಟ್ಟು ಬಿಡಿಸೋವರೆಗೂ ಕಲ್ಲು ಮತ್ತೆ ಬರ್ತಾನೇ ಇರುತ್ತೆ. ಚಿಕ್ಕಂದಿನಲ್ಲೂ ಒಂದ್ಸಲ ತೆಗೆದಿದ್ದಾರಲ್ಲ, ಗೊತ್ತಿಲ್ವಾ?"

ಅತ್ತೆ ಫ್ಯಾನ್ ನೋಡುತ್ತಾ, "ಅದು ಯಾವ ಕಾಲದ್ದೋ, ಬಿಡಿ ಡಾಕ್ಟ್ರೇ" ಎಂದರು. ಅಷ್ಟೇ. ನನ್ನ ಕಡೆ ತಿರುಗಲೂ ಇಲ್ಲ.

ಇವರ ಪಕ್ಕೆಯಲ್ಲಿ ಹಳೆಯ ಹೊಲಿಗೆಯ ಗುರುತಿದೆ. ಮದುವೆಯಾದ ಹೊಸದರಲ್ಲಿ ಕೇಳಿದ್ದೆ. "ನಿಂಗೆ ಗೊತ್ತಿರೋದೇ ಅಲ್ವಾ" ಎಂದು ಕೆನ್ನೆ ಹಿಂಡಿದ್ದರು. ತುಂಟಾಟ ಅಂದುಕೊಂಡು ನಾನೂ ನಕ್ಕಿದ್ದೆ.

ಭಾವನಿಗೆ ನಮಸ್ಕಾರ, ಪುಟ್ಟಿಗೆ ಕೆನ್ನೆ ತುಂಬ ಮುತ್ತು. ನಿನ್ನ ಮನೆಯಲ್ಲಿ ಯಾರಿಗೂ ಯಾವ ನೋವೂ ಬಾರದಿರಲಿ.

ನಿನ್ನ ತಂಗಿ

ಇನ್ನೊಂದು ಮಾತು: ಬರುವಾಗ ಆಟೋದಲ್ಲಿ ಇವರ ಮೇಲೆ ಹರಿಹಾಯ್ದೆ, ನನ್ನಿಂದ ಯಾಕೆ ಮುಚ್ಚಿಟ್ಟಿರಿ ಅಂತ. ಇವರು ಪಿಳಿಪಿಳಿ ನೋಡಿದರು. "ನಿಶ್ಚಯಕ್ಕೆ ಮುಂಚೆನೇ ನಿಮ್ಮಕ್ಕಂಗೆ ಎಲ್ಲಾ ಹೇಳಿದ್ನಲ್ಲೇ. ನಾನೇ ತಿಳಿಸ್ತೀನಿ ಅಂದಿದ್ರು. ಗೊತ್ತಿದ್ದೂ ಬೀಜ ಸೋಸ್ತೀಯಲ್ಲ, ಪ್ರೀತಿಗೆ ಅಂದ್ಕೊಂಡೆ."

ಹೇಳಿದ್ದರೂ ನಾನು ಬೇಡ ಅನ್ನುತ್ತಿರಲಿಲ್ಲ ಕಣೇ. ಜರಡಿ ಈ ಕಾಗದದ ಜೊತೆಗಿದೆ. ತೊಳೆದಿದ್ದೇನೆ.